ಎಂಟು ಬೈಟ್ ತಪ್ಪಿದ ಮೆಮೊರಿ ಮ್ಯಾಪ್

ಹವ್ಯಾಸಕ್ಕೆಂದು ಒಂದು ಪುಟ್ಟ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಬರೆಯುತ್ತಿದ್ದೆ. ಪರದೆಯ ಮೇಲೆ ಅಕ್ಷರ ಮೂಡಿದ ಖುಷಿ ಎರಡು ದಿನ ಉಳಿಯಿತು. ಆಮೇಲೆ ರ‍್ಯಾಮ್ ಎಷ್ಟಿದೆ, ಯಾವ ವಿಳಾಸಗಳಲ್ಲಿದೆ ಎಂದು ತಿಳಿಯಬೇಕಾಯಿತು. ಅದು ಗೊತ್ತಿರುವುದು ಫರ್ಮ್‌ವೇರ್‌ಗೆ, ಅಂದರೆ ಯಂತ್ರ ಚಾಲೂ ಆದೊಡನೆ ಮೊದಲು ಓಡುವ ತಂತ್ರಾಂಶಕ್ಕೆ. ಹಳೆಯ ಬಯಾಸ್ ಆಗಿದ್ದರೆ ಇ820 ಕರೆ ಸಾಕು. ನನ್ನದು ಅದರ ಜಾಗಕ್ಕೆ ಬಂದ ಯುಇಎಫ್‌ಐ, ಹಾಗಾಗಿ ಗೆಟ್‌ಮೆಮೊರಿಮ್ಯಾಪ್ ಕರೆ; ಮೆಮೊರಿಯ ಯಾವ ಭಾಗ ಯಾವುದಕ್ಕೆ ಎಂಬ ಪಟ್ಟಿಯನ್ನು, ಅಂದರೆ ಮೆಮೊರಿ ಮ್ಯಾಪನ್ನು, ಅದು ಕೊಡುತ್ತದೆ.

ಕಂಪ್ಯೂಟರನ್ನು ಅನುಕರಿಸುವ ತಂತ್ರಾಂಶ ಕ್ಯೂಎಮುನಲ್ಲಿ ಓಡಿಸಿದೆ. ಮೊದಲ ಸಾಲು ಸರಿ, ಎರಡನೆಯದರಿಂದ ಬರೀ ಕಸ. ಒಂದೊಂದು ನಮೂದಿನ ರಚನೆ 40 ಬೈಟ್ ಎಂದು ಲೆಕ್ಕ ಹಾಕಿ ಮುಂದೆ ಜಿಗಿಯುತ್ತಿದ್ದೆ. ಫರ್ಮ್‌ವೇರ್ ಮಾತ್ರ ತನ್ನ ಅಳತೆ 48 ಎಂದು ಬೇರೆಯಾಗಿಯೇ ಹೇಳಿತ್ತು. ನಾನು ಆ ಸಂಖ್ಯೆಯನ್ನು ಪಡೆದು ಮೂಲೆಗೆ ಎಸೆದಿದ್ದೆ. ಆಮೇಲೆ ಯುಇಎಫ್‌ಐನ ಮುಕ್ತ ಆವೃತ್ತಿಯಾದ ಇಡಿಕೆ2 ಮೂಲಸಂಕೇತ ತೆರೆದು ನೋಡಿದರೆ, ನನ್ನಂಥವರು ಹೀಗೆ ಲೆಕ್ಕ ಹಾಕದಿರಲಿ ಎಂದೇ ಅಳತೆಯನ್ನು ಬೇಕಂತಲೇ ಬೇರೆ ಇಟ್ಟಿದ್ದಾರೆ! ಬೈಸಿಕೊಂಡ ಹಾಗಾಯಿತು, ನ್ಯಾಯವಾಗಿಯೇ.

ಮುಂದಿನದು ಹಳೆಯ ಲ್ಯಾಪ್‌ಟಾಪಿನ ಮೇಲೆ. ಫರ್ಮ್‌ವೇರ್‌ನಿಂದ ಯಂತ್ರದ ಹಿಡಿತ ಪಡೆಯಲು ಎಕ್ಸಿಟ್‌ಬೂಟ್‌ಸರ್ವಿಸಸ್ ಕರೆದರೆ ಫರ್ಮ್‌ವೇರ್ ಒಪ್ಪುತ್ತಲೇ ಇರಲಿಲ್ಲ. ಮ್ಯಾಪ್ ಪಡೆದಾಗ ಸಿಕ್ಕ ಕೀಲಿ (ಆ ಮ್ಯಾಪ್‌ನ ಗುರುತು ಸಂಖ್ಯೆ), ಬಿಟ್ಟುಹೋಗುವ ಕ್ಷಣದಲ್ಲೂ ಅದೇ ಇರಬೇಕು. ನಡುವೆ ನಾನು 'ಮ್ಯಾಪ್ ಸಿಕ್ಕಿತು' ಎಂದು ಪರದೆಗೆ ಬರೆಸುತ್ತಿದ್ದೆ; ಅಷ್ಟಕ್ಕೇ ಫರ್ಮ್‌ವೇರ್ ಒಳಗೆ ಎಲ್ಲೋ ಮೆಮೊರಿ ತೆಗೆದುಕೊಂಡು ಮ್ಯಾಪ್ ಬದಲಾಗುತ್ತಿತ್ತು. ಆ ಸಾಲು ತೆಗೆದೆ. ವಿಫಲವಾದರೆ ಮ್ಯಾಪ್ ಮತ್ತೆ ಪಡೆದು ಇನ್ನೊಮ್ಮೆ ಕರೆಯುವಂತೆಯೂ ಮಾಡಿದೆ. ಮ್ಯಾಪ್ ತುಂಬಿಸಿಕೊಳ್ಳುವ ಜಾಗವನ್ನು (ಬಫರ್) ಕಾದಿರಿಸುವುದೇ ಮ್ಯಾಪ್‌ಗೆ ಹೊಸ ನಮೂದು ಸೇರಿಸಬಹುದಾದ್ದರಿಂದ, ಕೇಳಿದ್ದಕ್ಕಿಂತ ಒಂದೆರಡು ನಮೂದು ಹಿಡಿಯುವಷ್ಟು ಜಾಗ ಹೆಚ್ಚೇ ಇಡುತ್ತೇನೆ.

ಪ್ರೊಸೆಸರ್‌ಗಳ ವಿವರ ಬೇರೆ ಕಡೆ, ಯಂತ್ರದ ಭಾಗಗಳನ್ನು ಬಣ್ಣಿಸುವ ಎಸಿಪಿಐ ಕೋಷ್ಟಕಗಳಲ್ಲಿ. ದಾರಿ ಶುರುವಾಗುವುದು ಆ ಕೋಷ್ಟಕಗಳು ಎಲ್ಲಿವೆ ಎಂದು ತೋರಿಸುವ ಆರ್‌ಎಸ್‌ಡಿಪಿಯಿಂದ. ಯುಇಎಫ್‌ಐ ಅದರ ವಿಳಾಸ ತಾನೇ ಕೊಡುತ್ತದೆ. ಅದರ ಮೊದಲ 20 ಬೈಟ್ ಕೂಡಿಸಿದರೆ ಮೊತ್ತದ ಕೊನೆಯ ಬೈಟ್ ಸೊನ್ನೆಯಾಗಬೇಕು, ಅದನ್ನು ಪರೀಕ್ಷಿಸದೆ ಮುಂದೆ ಹೋಗಬೇಡಿ. ಪ್ರೊಸೆಸರ್‌ಗಳ ಪಟ್ಟಿ ಇರುವ, ಎಲ್ಲರೂ ಎಂಎಡಿಟಿ ಎಂದು ಕರೆಯುವ ಕೋಷ್ಟಕದ ಸಹಿ ಮಾತ್ರ 'ಎಪಿಐಸಿ'! ಅರ್ಧ ಗಂಟೆ ಎಂಎಡಿಟಿ ಎಂಬ ನಾಲ್ಕು ಅಕ್ಷರಗಳನ್ನೇ ಹುಡುಕಿದ್ದೇನೆ.

ಸಿಕ್ಕ ಮೇಲೆ ಎಣಿಸಿದರೆ 4 ಕೋರ್‌ಗಳ ಲ್ಯಾಪ್‌ಟಾಪಿನಲ್ಲಿ 8 ನಮೂದು. ಒಂದು ಕೋರನ್ನು ಎರಡಾಗಿ ತೋರಿಸುವ ಹೈಪರ್‌ಥ್ರೆಡಿಂಗ್ ಇಲ್ಲದ ಚಿಪ್ ಅದು. ಪ್ರತಿ ನಮೂದಿನ ಫ್ಲ್ಯಾಗ್‌ನಲ್ಲಿ, ಆ ಪ್ರೊಸೆಸರ್ ಬಳಕೆಗೆ ಸಿದ್ಧವೇ ಎಂದು ಹೇಳುವ ಮೊದಲ ಬಿಟ್ ನೋಡಿದಾಗ ಗುಟ್ಟು ತಿಳಿಯಿತು: ನಾಲ್ಕು ಖಾಲಿ ಜಾಗಗಳನ್ನೂ ಫರ್ಮ್‌ವೇರ್ ಪಟ್ಟಿಗೆ ಸೇರಿಸಿತ್ತು. ಈಗ ಆ ಮೊದಲ ಬಿಟ್‌ನ ಬೆಲೆ 1 ಆಗಿರುವವನ್ನಷ್ಟೇ ಎಣಿಸುತ್ತೇನೆ. ಅವುಗಳಲ್ಲಿ ಓಡುತ್ತಿರುವುದು ಒಂದೇ; ಮಲಗಿರುವ ಮೂರನ್ನು ಎಬ್ಬಿಸುವ ಕೆಲಸ ಇನ್ನೂ ಬಾಕಿ.