ಬಳ್ಳಾರಿ ಬಿಸಿಲಲ್ಲಿ ಸ್ಟಿಂಗ್‌ರೇ ಟ್ಯಾಂಕ್: ನನ್ನ ಅನುಭವ

ಏಪ್ರಿಲ್, ಮೇ ಎರಡೂ ದಾಟಿದವು. ಹೊರಗೆ 42 ಡಿಗ್ರಿ ಇದ್ದಾಗಲೂ ಟ್ಯಾಂಕಿನ ನೀರು 26 ದಾಟಲಿಲ್ಲ, ಸ್ಟಿಂಗ್‌ರೇಗಳು ಒಂದು ದಿನವೂ ಊಟ ಬಿಡಲಿಲ್ಲ. ಹಾಗಾಗಿ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ. "ಬಳ್ಳಾರಿಯಲ್ಲಿ ಇರೋದೇ ಬೇಸಿಗೆ, ಕಡು ಬೇಸಿಗೆ ಅಂತ ಎರಡು ಕಾಲ, ಅಲ್ಲಿ ಸಮುದ್ರದ ಮೀನಾ?" ಅಂತ ನಕ್ಕವರು ಈಗ ಫೋನ್ ಮಾಡಿ ನೀರು ತಂಪು ಮಾಡೋ ಚಿಲ್ಲರ್ ಯಾವುದು ಅಂತ ಕೇಳುತ್ತಿದ್ದಾರೆ. ಆದರೆ ಕೇಳಬೇಕಾದ್ದು ಚಿಲ್ಲರ್ ಅಲ್ಲ, ರೂಮ್.

ಕೆಲಸ ಒಂದು ಹೋಟೆಲ್‌ನದು. ಬೆಂಗಳೂರಿನ ಒಂದು ಪಾರ್ಟಿ ಮೂವತ್ತು ಲಕ್ಷದ ಹತ್ತಿರ ಕೊಟೇಶನ್ ಕೊಟ್ಟಿತ್ತು. ನಾನು ಹದಿನಾಲ್ಕು-ಹದಿನೈದರಲ್ಲಿ ಮುಗಿಸಿದೆ. ಹೋಟೆಲ್ ಸಾವ್ಕಾರ್ರಿಗೆ ಐದಡಿ ಎತ್ತರದ ಗಾಜಿನ ಗೋಡೆ ಬೇಕಿತ್ತು. ಕರಾವಳಿಯವರು ತೊರಕೆ ಅನ್ನೋ ಈ ಮೀನು ನೀರಿನ ತಳದಲ್ಲಿ ಬದುಕೋದು. ಎತ್ತರ ಕೊಟ್ಟರೆ ಗಾಜು ಮಾರುವವನಿಗೆ ಲಾಭ, ಮೀನಿಗೇನೂ ಇಲ್ಲ. ಹನ್ನೆರಡಡಿ ಉದ್ದ, ಆರಡಿ ಅಗಲ, ಮೂರಡಿ ಎತ್ತರಕ್ಕೆ ಒಪ್ಪಿಸಿದೆ. ನೀರು ಎರಡೂವರೆ ಅಡಿ. ಸಂಪ್ (ನೀರು ಸೋಸೋ ತೊಟ್ಟಿ) ಸೇರಿ ಸುಮಾರು ಆರು ಸಾವಿರ ಲೀಟರ್, ಅಂದರೆ ನೀರೇ ಆರು ಟನ್. ಮೊದಲನೇ ಮಹಡಿಯಲ್ಲಿ ಇಡೋಣ ಅನ್ನೋ ಮಾತು ಅಲ್ಲಿಗೇ ಬಿತ್ತು.

ಮೊದಲು ಆರ್‌ಸಿಸಿ ತೊಟ್ಟಿ ಕಟ್ಟಿಸಿ, ಒಳಗೆ ವಾಟರ್‌ಪ್ರೂಫಿಂಗ್ ಬಳಿಸಿದ್ದೆವು. ಸಿಹಿನೀರು ತುಂಬಿ ಬಿಟ್ಟರೆ ಪಿಎಚ್ ಒಂಬತ್ತರ ಮೇಲೆ ಹೋಯಿತು. ಖಾಲಿ ಮಾಡಿ ತುಂಬಿ, ಮತ್ತೆ ಖಾಲಿ ಮಾಡಿ ತುಂಬಿ ಅದು ಇಳಿಯಿತು. ಆಮೇಲೆ ಉಪ್ಪುನೀರು ಹಾಕಿದರೆ ಒಂದು ಮೂಲೆಯಲ್ಲಿ ಕಂದು ಕಲೆ. ಉಪ್ಪು ಕಬ್ಬಿಣ ಮುಟ್ಟಿತ್ತು. ಎಪ್ಪತ್ತು-ಎಂಬತ್ತು ಸಾವಿರ ನೀರಲ್ಲಿ ಹೋಯಿತು ಅನ್ನಿ. ಕೊನೆಗೆ ಉಳಿಸಿದವರು ನಮ್ಮೂರಿನ ಜೀನ್ಸ್ ವಾಷಿಂಗ್ ಯೂನಿಟ್‌ಗಳಿಗೆ ಎಫ್‌ಆರ್‌ಪಿ (ಫೈಬರ್ ಪ್ಲಾಸ್ಟಿಕ್) ಲೈನಿಂಗ್ ಮಾಡೋ ಹುಡುಗರು. ಮೂಲೆಗಳನ್ನೂ ದುಂಡಗೆ ಮಾಡಿಕೊಟ್ಟರು. ಚೂಪು ಮೂಲೆಯಲ್ಲಿ ರೇ ಮೂಗು ಉಜ್ಜಿ ಉಜ್ಜಿ ಗಾಯ ಮಾಡಿಕೊಳ್ಳುತ್ತೆ. ಮುಂದೆ ಮಾತ್ರ ಎಂಟಡಿ ಲ್ಯಾಮಿನೇಟೆಡ್ ಗಾಜು.

ಈಗ ಬಿಸಿಲಿನ ಕಥೆ. ಚಿಲ್ಲರ್ ವಿಚಾರಕ್ಕೆ ಎಸಿ ಮೆಕ್ಯಾನಿಕ್ ಒಬ್ಬ ಬಂದ. "ಅಣ್ಣಾ, ತಾಮ್ರದ ಕಾಯಿಲ್ ಹಾಕಿದ್ರ ಅರ್ಧ ರೇಟಿಗೆ ಆಗ್ತೈತಿ" ಅಂದ. ತಾಮ್ರ ರೇಗಳಿಗೆ ವಿಷ ಅಂತ ನಿಮಗೆ ಹೇಳಬೇಕಾಗಿಲ್ಲ. ಟೈಟಾನಿಯಂ ಕಾಯಿಲ್ ತರಿಸಿ, ಎರಡು ಟನ್ ಸ್ಪ್ಲಿಟ್ ಎಸಿಯ ಹೊರಗಿನ ಯೂನಿಟ್‌ಗೆ ಅವನ ಕೈಯಲ್ಲೇ ಜೋಡಿಸಿದೆ. ಮೊದಲು ಅದನ್ನು ಪಂಪ್ ರೂಮಿನಲ್ಲೇ ಇಡಬೇಕಾಯಿತು, ಹೋಟೆಲ್‌ನವರು ಹೊರಗೆ ಜಾಗ ಬಿಡಲಿಲ್ಲ. ಅದು ಉಗುಳಿದ ಬಿಸಿಗಾಳಿಯಲ್ಲಿ ಅದೇ ಬೆಂದು, ಇಡೀ ದಿನ ಓಡಿದರೂ ನೀರು 31ಕ್ಕೆ ನಿಂತಿತು. ಆಗ ಮೀನು ಹಾಕಿರಲಿಲ್ಲ, ಪುಣ್ಯ. ಜಗಳ ಆಡಿ ಉತ್ತರದ ಗೋಡೆಯ ನೆರಳಿಗೆ ಸಾಗಿಸಿದೆ.

ಅದಕ್ಕಿಂತ ದೊಡ್ಡ ಕೆಲಸ ಮಾಡಿದ್ದು ಶಾಖ ತಡೆಯೋ ಪಫ್ ಪ್ಯಾನೆಲ್. ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್‌ಗೆ ಹಾಕ್ತಾರಲ್ಲ, ಅದೇ. ಒಂದು ಕಡೆ ಉಳಿದ ತುಂಡುಗಳನ್ನು ಕಡಿಮೆಗೆ ಹಿಡಿದು ರೂಮಿನ ಗೋಡೆ, ಸೀಲಿಂಗ್, ಟ್ಯಾಂಕಿನ ತಳ ಎಲ್ಲಕ್ಕೂ ಹಾಕಿಸಿದೆ. ಲಕ್ಷದೊಳಗೆ ಆಯಿತು. ಇಡೀ ದಿನ ಓಡುತ್ತಿದ್ದ ಚಿಲ್ಲರ್ ಈಗ ಅರ್ಧ ದಿನವೂ ಓಡಲ್ಲ. ಅದಿರು ಲಾರಿಗಳ ಕೆಂಪು ಧೂಳೂ ಒಳಗೆ ಬರೋದು ನಿಂತಿತು.

ಮಧ್ಯೆ ಒಂದು ಪ್ರಯೋಗ. ನಮ್ಮ ಗಾಳಿ ಒಣಗಾಳಿ ಅಲ್ವಾ, ಸಂಪ್ ಮೇಲೆ ಸುಮ್ನೆ ಎರಡು ಫ್ಯಾನ್ ಇಟ್ಟು ನೋಡಿದೆ. ಮೂರು ಡಿಗ್ರಿ ಇಳಿಯಿತು, ನಿಜ. ಆದರೆ ದಿನಕ್ಕೆ ಐವತ್ತು-ಅರವತ್ತು ಲೀಟರ್ ನೀರು ಹಾರಿಹೋಗಿ ಉಪ್ಪು ಏರುತ್ತೆ. ಫ್ಲೋಟ್ ವಾಲ್ವ್‌ನಿಂದ ಆರ್‌ಒ ನೀರು ಬರುತ್ತಿರಬೇಕು. ಮಳೆಗಾಲದಲ್ಲಿ ಈ ಆಟ ನಡೆಯಲ್ಲ. ಈಗ ಕರೆಂಟ್ ಹೋದಾಗ ಇನ್ವರ್ಟರ್ ಮೇಲೆ ಮಾತ್ರ ಓಡಿಸುತ್ತೇನೆ.

ನೀರಿಗೆ ಅಂಕೋಲಾದಿಂದ ಟ್ಯಾಂಕರ್ ತರಿಸಿ ಅಂದರು. ಮುನ್ನೂರೈವತ್ತು ಕಿಲೋಮೀಟರ್ ಹತ್ತಿರ ಆಗುತ್ತೆ, ಅದೂ ಯಾವ ಟ್ಯಾಂಕರಲ್ಲಿ ಮೊದಲು ಏನಿತ್ತೋ. ಬೋರ್ ನೀರಿನ ಟಿಡಿಎಸ್ (ಕರಗಿದ ಲವಣಾಂಶ) ಸಾವಿರದ ಮೇಲೆ. ಆರ್‌ಒ ಹಾಕಿ, ಲೀಟರ್‌ಗೆ 35 ಗ್ರಾಂ ಲೆಕ್ಕದಲ್ಲಿ ಇನ್ನೂರು ಕೆಜಿ ಮೇಲೆ ರೀಫ್ ಉಪ್ಪು (ಸಮುದ್ರದ ನೀರು ಮಾಡೋ ರೆಡಿಮೇಡ್ ಉಪ್ಪು) ಕರಗಿಸಿದೆ. ಅರವತ್ತು ಸಾವಿರದ ಹತ್ತಿರ ಅದಕ್ಕೇ ಹೋಯಿತು. ನೀರು ಬದಲಿಸೋಕೆ ಈಗ ನಾನೇ ಉಪ್ಪು ಕಲಸುತ್ತೇನೆ. ಅದರ ಅಳತೆ ಮಾತ್ರ ಇಲ್ಲಿ ಬರೆಯಲ್ಲ, ಹೊಟ್ಟೆಪಾಡು.

ಸೈಕಲ್ ಆಗೋಕೆ, ಅಂದರೆ ಮೀನಿನ ಕೊಳೆ ಕರಗಿಸೋ ಬ್ಯಾಕ್ಟೀರಿಯಾ ಬೆಳೆಯೋಕೆ, ಎರಡು ತಿಂಗಳ ಮೇಲೆ ಹಿಡಿಯಿತು. ಸಾವ್ಕಾರ್ರು ದಿನಾ "ಮೀನೆಲ್ಲಿ?" ಅನ್ನೋರು. ಕೊಳ್ಳುವ ಮುಂಚೆ ಜಾತಿ ಖಚಿತ ಮಾಡಿಕೊಳ್ಳಿ. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿ 2023ರ ಏಪ್ರಿಲ್‌ನಿಂದ ಜಾರಿಯಲ್ಲಿದೆ, ಸಂರಕ್ಷಿತ ಜಾತಿಗಳ ಹಳೇ ಪಟ್ಟಿ ಇಟ್ಟುಕೊಂಡು ವ್ಯಾಪಾರ ಮಾಡಬೇಡಿ. ನಾನು ತಂದದ್ದು ಎರಡು ನೀಲಿ ಚುಕ್ಕೆಯ ಮಾಸ್ಕ್ ರೇ. ರಿಬ್ಬನ್‌ಟೇಲ್ ಅನ್ನೋ ಇನ್ನೊಂದು ಜಾತಿಯ ರೇ ನೋಡೋಕೆ ಅಂದ, ಆದರೆ ಊಟಕ್ಕೆ ತುಂಬಾ ಸತಾಯಿಸುತ್ತೆ.

ಬಂದ ಎರಡನೇ ವಾರ ಎರಡೂ ರೇ ಗೋಡೆ ಹಿಡಿದು ಮೇಲೆ ಕೆಳಗೆ ಈಜೋಕೆ ಶುರು ಮಾಡಿದವು. ರೆಕ್ಕೆಯ ಅಂಚು ಮೇಲಕ್ಕೆ ಸುರುಳಿ, ಸೀಗಡಿ ಮುಂದೆ ಇಟ್ಟರೂ ಮೇಲೆ ಹಾದು ಹೋಗೋವು. ನೀರು ಪರೀಕ್ಷಿಸಿದರೆ ವಿಷವಾಗೋ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ. ವೋಲ್ಟ್ ಮೀಟರ್‌ನ ಒಂದು ಕಡ್ಡಿ ನೀರಿಗೆ, ಇನ್ನೊಂದು ಅರ್ಥಿಂಗ್‌ಗೆ ಇಟ್ಟು ನೋಡಿದರೆ ಮೂವತ್ತು ವೋಲ್ಟ್ ಮೇಲೆ! ಒಂದೊಂದೇ ಪ್ಲಗ್ ಕಿತ್ತೆ. ಸಂಪಿನ ಒಂದು ಪಂಪ್ ಕಿತ್ತಾಗ ಮೀಟರ್ ಮುಳ್ಳು ಕೆಳಗೆ ಬಿತ್ತು. ರೇಗಳ ಮೂತಿಯ ಕೆಳಗಿನ ಸಣ್ಣ ತೂತುಗಳು ಮರಳಡಿಯ ಏಡಿಯ ಕರೆಂಟನ್ನೇ ಹಿಡಿಯುತ್ತವೆ, ಇದನ್ನು ಹೇಗೆ ತಡೆದಾವು? ಸಂಜೆಗೆ ಮರಳಿನಲ್ಲಿ ಹುದುಗಿ, ಕಣ್ಣಷ್ಟೇ ಹೊರಗಿಟ್ಟು ಮಲಗಿದ್ದವು. ರಾತ್ರಿ ಸೀಗಡಿ ತಿಂದವು. ಹೊಸ ರೇಗೆ ಮೊದಲ ತುತ್ತು ತಿನ್ನಿಸೋಕೆ ನನ್ನದೊಂದು ಉಪಾಯ ಇದೆ, ಎದುರಿಗೆ ಸಿಕ್ಕಾಗ ಹೇಳುತ್ತೇನೆ.

ಡ್ಯಾಂ ಮೀನು ಅಗ್ಗ ಅಂತ ಕಾಟ್ಲಾ ಹಾಕಬೇಡಿ. ಸಮುದ್ರದ ಸೀಗಡಿ, ಬೊಂಡಾಸೇ (ಸ್ಕ್ವಿಡ್) ಆಗಬೇಕು, ಜೊತೆಗೆ ವಿಟಮಿನ್, ಅಯೋಡಿನ್. ಅಯೋಡಿನ್ ಕಮ್ಮಿಯಾದರೆ ಗಂಟಲು ಊದುತ್ತೆ. ಟ್ಯಾಂಕಿಗೆ ಇಳಿಯೋ ಹುಡುಗನಿಗೆ ಬಾಲದ ಮುಳ್ಳಿನ ಬಗ್ಗೆ ಹೇಳಿ, ಪಕ್ಕದಲ್ಲಿ ಬಿಸಿನೀರಿನ ಗೀಸರ್ ಇರಲಿ. ಚುಚ್ಚಿದರೆ ತಾಳುವಷ್ಟು ಬಿಸಿನೀರಲ್ಲಿ ಕೈ ಅದ್ದಿ, ಆಮೇಲೆ ಆಸ್ಪತ್ರೆ.

ಕರೆಂಟ್ ಬಿಲ್ ತಿಂಗಳಿಗೆ ಹತ್ತು-ಹನ್ನೆರಡು ಸಾವಿರ, ಮೇ ತಿಂಗಳಲ್ಲಿ ಸ್ವಲ್ಪ ಜಾಸ್ತಿ. ಸಾವ್ಕಾರ್ರಿಗೆ ಈಗ ಇದೇ ಟ್ಯಾಂಕಿಗೆ ಬ್ಯಾಂಬೂ ಶಾರ್ಕ್ ಬೇಕಂತೆ. ನೀರಲ್ಲಿ ಸೇರುತ್ತಾ ಹೋಗೋ ನೈಟ್ರೇಟ್ 40 ಪಿಪಿಎಂ ಕೆಳಗೆ ನಿಲ್ಲಿಸೋಕೆ ವಾರಕ್ಕೆ ಆರುನೂರು ಲೀಟರ್ ಬದಲಿಸುತ್ತಿದ್ದೇನೆ. ಇನ್ನೊಂದು ಸಾವಿರ ಲೀಟರ್ ಸಂಪ್, ನೀರಿನ ಕೊಳೆಯನ್ನು ನೊರೆಯಾಗಿ ತೆಗೆಯೋ ದೊಡ್ಡ ಸ್ಕಿಮ್ಮರ್‌ಗೆ ದುಡ್ಡು ಬಿಚ್ಚಿದರೆ ನೋಡೋಣ ಅಂದಿದ್ದೇನೆ.