ಎಫ್‌ಸಿ ಆದ ಬಸ್ಸಿನ ತಣ್ಣನೆಯ ಡ್ರಮ್

ಮಲೆನಾಡಿನ ಶಾಲೆಯೊಂದರ ಒಂಬತ್ತು ಬಸ್ಸುಗಳ ಉಸ್ತುವಾರಿಯನ್ನು ನಾನು ಹನ್ನೊಂದು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ಬಸ್ಸಿಗೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ, ಅಂದರೆ ವಾಹನ ರಸ್ತೆಗಿಳಿಯಲು ಯೋಗ್ಯವೆಂಬ ಸರ್ಕಾರಿ ಪ್ರಮಾಣಪತ್ರ, ಮಾಡಿಸಬೇಕೆಂಬುದು ನಿಯಮ. ಆ ಪತ್ರ ಕೈಗೆ ಬಂದರೆ ಬಸ್ಸು ಸುರಕ್ಷಿತವೆಂದೇ ನಾನೂ ಬಹಳ ಕಾಲ ನಂಬಿದ್ದೆ.

ಒಂದು ಜೂನ್ ತಿಂಗಳಲ್ಲಿ, ಎಫ್‌ಸಿ ಆಗಿ ಹನ್ನೆರಡೇ ದಿನವಾಗಿದ್ದ ಬಸ್ಸು ಇಳಿಜಾರಿನಲ್ಲಿ ನಿಲ್ಲಲು ತಡಮಾಡುತ್ತಿದೆ ಎಂದು ಚಾಲಕರು ಹೇಳಿದರು. ಮಕ್ಕಳೆಲ್ಲ ಇಳಿದ ಮೇಲೆ ಅದೇ ಇಳಿಜಾರಿನಲ್ಲಿ ನಿಧಾನವಾಗಿ ಬಸ್ಸನ್ನು ಇಳಿಸಿ, ಕೆಳಗೆ ನಿಲ್ಲಿಸಿ, ಒಂದೊಂದು ಚಕ್ರದ ಬ್ರೇಕ್ ಡ್ರಮ್ಮಿನ ಸಮೀಪಕ್ಕೂ ಕೈಯ ಹಿಂಬದಿಯನ್ನು ಒಯ್ದು ನೋಡಿದೆ. ಮೂರು ಡ್ರಮ್ಮುಗಳು ಕಾದಿದ್ದವು, ಹಿಂದಿನ ಬಲಗಡೆಯದು ಮಾತ್ರ ತಣ್ಣಗಿತ್ತು, ಅಂದರೆ ಆ ಚಕ್ರದಲ್ಲಿ ಬ್ರೇಕ್ ಹಿಡಿಯುತ್ತಲೇ ಇರಲಿಲ್ಲ. ಬಿಚ್ಚಿಸಿ ನೋಡಿದರೆ ಚಕ್ರದ ನಡುವಿನ ಎಣ್ಣೆ ಹೊರಬಾರದಂತೆ ತಡೆಯುವ ಹಬ್ ಸೀಲ್ ಹೋಗಿ, ಡ್ರಮ್ಮಿಗೆ ಉಜ್ಜಿ ಚಕ್ರ ನಿಲ್ಲಿಸುವ ಲೈನರುಗಳೆಲ್ಲ ಎಣ್ಣೆಯಲ್ಲಿ ತೊಯ್ದಿದ್ದವು.

ಎಫ್‌ಸಿ ಕೊಡುವ ಮೊದಲು ಬ್ರೇಕ್ ಇನ್‌ಸ್ಪೆಕ್ಟರು ಖಾಲಿ ಬಸ್ಸನ್ನು ಸಮತಟ್ಟಾದ ಮೈದಾನದಲ್ಲಿ ನಾಲ್ಕು ಮಾರು ಓಡಿಸಿ ಬ್ರೇಕ್ ಹಾಕಿಸಿದ್ದರು. ಹಾಗೆ ನೋಡಿದರೆ ಉಳಿದ ಮೂರು ಚಕ್ರಗಳೇ ಬಸ್ಸನ್ನು ನಿಲ್ಲಿಸಿಬಿಡುತ್ತವೆ. ಪ್ರತಿ ಚಕ್ರದ ಬ್ರೇಕ್ ಬಲವನ್ನು ಬೇರೆಬೇರೆಯಾಗಿ ಅಳೆಯುವ ರೋಲರ್ ಯಂತ್ರವಿದ್ದರೆ ಆ ದೋಷ ಅಲ್ಲಿಯೇ ಸಿಕ್ಕಿಬೀಳುತ್ತಿತ್ತು. ಯಂತ್ರವಿಲ್ಲದಿದ್ದರೂ, ಬಗ್ಗಿ ನೋಡಿದ್ದರೆ ಟೈರಿನ ಒಳಬದಿಗೆ ಎಣ್ಣೆ ಇಳಿದ ಗುರುತು ಕಾಣುತ್ತಿತ್ತೆಂದು ನಾನು ಈಗಲೂ ಹೇಳುತ್ತೇನೆ. ಆದರೆ ಅವರೊಬ್ಬರನ್ನೇ ದೂರುವಂತಿರಲಿಲ್ಲ, ಏಕೆಂದರೆ ನಮ್ಮದೇ ತಪಾಸಣಾ ಪುಸ್ತಕದಲ್ಲಿ ಆ ವಾರ ‘ಬ್ರೇಕ್: ಸರಿ’ ಎಂದು ನಮ್ಮ ಮೆಕ್ಯಾನಿಕ್ಕೇ ಬರೆದು ಸಹಿ ಮಾಡಿದ್ದರು.

ಅಂದಿನಿಂದ ರಿಪೇರಿ ಮಾಡಿದವರು ಅದೇ ಬಸ್ಸನ್ನು ತಪಾಸಣೆ ಮಾಡುವುದನ್ನು ನಿಲ್ಲಿಸಿದೆ. ‘ಸರಿ’ ಎಂಬ ಪದವನ್ನು ಪುಸ್ತಕದಿಂದ ತೆಗೆದು, ಅಳೆಯಬಹುದಾದದ್ದನ್ನೆಲ್ಲ ಅಂಕಿಯಲ್ಲೇ ಬರೆಯಬೇಕೆಂದೆ: ಟೈರಿನ ಮೇಲ್ಮೈಯ ಕಚ್ಚುಗಳ ಆಳ ಎಷ್ಟು ಮಿ.ಮೀ. ಉಳಿದಿದೆ (ಕಾನೂನಿನ ಮಿತಿ 1.6 ಮಿ.ಮೀ., ನಮ್ಮ ಮಳೆಗೆ ನಾನು 3ಕ್ಕೇ ಬದಲಿಸುತ್ತೇನೆ), ಎಂಜಿನ್ ನಿಲ್ಲಿಸಿ ಪೆಡಲ್ ಒತ್ತಿ ಹಿಡಿದಾಗ ಬ್ರೇಕಿನ ಗಾಳಿಯ ಒತ್ತಡ ಎಷ್ಟು ಇಳಿಯಿತು, ಲೈನರು ಎಷ್ಟು ದಪ್ಪವಿದೆ.

ಇದಕ್ಕಿಂತ ಹೆಚ್ಚು ಕಲಿಸಿದ್ದು ತಪಾಸಣೆಯನ್ನೇ ಪರೀಕ್ಷಿಸಿದ್ದು. ಇಂಥ ಪರೀಕ್ಷೆ ನಡೆಯುತ್ತಿರುತ್ತದೆ ಎಂದು ಎಲ್ಲರಿಗೂ ಮೊದಲೇ ತಿಳಿಸಿ, ಶೆಡ್ಡಿನಲ್ಲಿ ನಿಂತ ಬಸ್ಸಿಗೆ ಅಪಾಯವಿಲ್ಲದ ದೋಷಗಳನ್ನು ನಾನೇ ಇಡತೊಡಗಿದೆ: ಹಿಂಬದಿಯ ದೀಪದ ಬಲ್ಬು ತೆಗೆಯುವುದು, ಅವಧಿ ಮುಗಿದ ಅಗ್ನಿಶಾಮಕವನ್ನು ಇಡುವುದು. ಮೊದಲ ತಿಂಗಳು ಇಟ್ಟ ನಾಲ್ಕರಲ್ಲಿ ಎರಡು ಮಾತ್ರ ಸಿಕ್ಕವು. ಸಿಗದ ಎರಡೂ ಆ ದಿನದ ಕೊನೆಯ ಬಸ್ಸುಗಳ ಹಿಂಭಾಗದಲ್ಲಿದ್ದವು. ಮುಂದಿನಿಂದ ಆರಂಭಿಸಿ ಹಿಂದಕ್ಕೆ ಬರುವಷ್ಟರಲ್ಲಿ, ಅದೂ ಸಂಜೆ ಒಂಬತ್ತನೆಯ ಬಸ್ಸಿಗೆ ಬರುವಷ್ಟರಲ್ಲಿ, ಮನುಷ್ಯನ ಕಣ್ಣು ದಣಿದಿರುತ್ತದೆ. ದಿನಕ್ಕೆ ಮೂರೇ ಬಸ್ಸು, ಪ್ರತಿ ಸಲವೂ ಬೇರೆ ಚಕ್ರದಿಂದ ಆರಂಭ ಎಂದು ಬದಲಿಸಿದ ಮೇಲೆ ನಾನಿಟ್ಟ ದೋಷ ತಪ್ಪಿಹೋಗುವುದು ಅಪರೂಪವಾಯಿತು.

ಪುಸ್ತಕಕ್ಕೆ ‘ನೋಡಿಲ್ಲ’ ಎಂಬ ಕಾಲಮ್ಮನ್ನೂ ಸೇರಿಸಿದೆ. ಹೌದು ಅಥವಾ ಇಲ್ಲ ಎಂದಷ್ಟೇ ಕೇಳುವ ನಮೂನೆ, ಸಮಯ ಸಾಲದ ಪ್ರಾಮಾಣಿಕ ಕೆಲಸಗಾರನಿಂದಲೂ ಸುಳ್ಳು ಬರೆಸುತ್ತದೆ. ಕಳೆದ ತಿಂಗಳು ಜಾಕ್ ಕೆಟ್ಟಿದ್ದ ದಿನ, ಏಳನೆಯ ಬಸ್ಸಿನ ಕಿಂಗ್ ಪಿನ್ (ಮುಂದಿನ ಚಕ್ರ ಪಕ್ಕಕ್ಕೆ ಹೊರಳಲು ಆಧಾರವಾದ ಗೂಟ) ಎದುರು ನಮ್ಮ ಮೆಕ್ಯಾನಿಕ್ ‘ನೋಡಿಲ್ಲ’ ಎಂದು ಬರೆದಿದ್ದರು. ಮರುದಿನ ಆ ಬಸ್ಸನ್ನು ಶೆಡ್ಡಿನಲ್ಲೇ ನಿಲ್ಲಿಸಿ, ಮಕ್ಕಳಿಗೆ ಬಾಡಿಗೆ ವಾಹನ ಕಳುಹಿಸಿದೆವು.