ಫ್ರಾನ್ಸಿನ ಭಾಷಾ ಕಾನೂನು: ಸಹಿ ಹಾಕುವ ಮೊದಲು, ಅಂಗಡಿ ತೆರೆಯುವ ಮೊದಲು

ಪ್ಯಾರಿಸ್‌ಗೋ ತುಲೂಸ್‌ಗೋ ಕೆಲಸಕ್ಕೆ ಬರುವ ನಮ್ಮವರಲ್ಲಿ ಹಲವರು ಒಂದೇ ತಪ್ಪು ಮಾಡುತ್ತಾರೆ. ಆಫೀಸಿನಲ್ಲಿ ಎಲ್ಲರೂ ಇಂಗ್ಲಿಷ್ ಮಾತಾಡುತ್ತಾರಲ್ವಾ, ಹಾಗಾಗಿ ಫ್ರೆಂಚಿನಲ್ಲಿರುವ ಕೆಲಸದ ಕರಾರಿಗೆ ಓದದೆ ಸುಮ್ನೆ ಸಹಿ ಹಾಕಿಬಿಡುತ್ತಾರೆ. ಕೆಲಸ ಬಿಡಲು ಎಷ್ಟು ತಿಂಗಳ ನೋಟಿಸ್ ಕೊಡಬೇಕು ಅನ್ನುವುದು ಬಿಡುವ ಹೊತ್ತಿಗೆ ಗೊತ್ತಾಗುತ್ತದೆ.

ಇಲ್ಲಿನ ಕಾರ್ಮಿಕ ಕಾನೂನಿನಲ್ಲಿ ಇದಕ್ಕೆ ದಾರಿಯಿದೆ. ಬರವಣಿಗೆಯ ಕರಾರು ಫ್ರೆಂಚಿನಲ್ಲೇ ಇರಬೇಕು, ನಿಜ. ಆದರೆ ನೀವು ವಿದೇಶಿಯಾಗಿದ್ದು ಕೇಳಿದರೆ, ನಿಮ್ಮ ಭಾಷೆಗೆ ಅನುವಾದ ಮಾಡಿಕೊಡಬೇಕು. ಎರಡೂ ಪ್ರತಿಗಳಿಗೆ ಕೋರ್ಟಿನಲ್ಲಿ ಸಮಾನ ಮಾನ್ಯತೆ. ಅವು ಒಂದಕ್ಕೊಂದು ತಾಳೆಯಾಗದಿದ್ದರೆ, ನಿಮ್ಮ ಭಾಷೆಯ ಪ್ರತಿಯನ್ನು ಮಾತ್ರ ನಿಮ್ಮ ವಿರುದ್ಧ ಬಳಸಬಹುದು. ಇದನ್ನು ಕೇಳಲು ಸಂಕೋಚ ಬೇಡ.

ಕೆಲಸದ ಮತ್ತು ವ್ಯಾಪಾರದ ಕಾಗದಗಳಲ್ಲಿ ಫ್ರೆಂಚ್ ಇರಲೇಬೇಕು ಅನ್ನುವ 1994ರ ಆಗಸ್ಟ್ 4ರ ಕಾನೂನನ್ನು ಇಲ್ಲಿ ಎಲ್ಲರೂ ‘ತುಬೋಂ ಕಾನೂನು’ ಅನ್ನುತ್ತಾರೆ. ಆಗಿನ ಸಂಸ್ಕೃತಿ ಸಚಿವ ಜಾಕ್ ತುಬೋಂ ಅವರ ಹೆಸರು ಅದು. ಪರಭಾಷಿಕರನ್ನು ದೂರವಿಡಲು ಇದನ್ನು ಮಾಡಿದ್ದಾರೆ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. 2006ರಲ್ಲಿ ವರ್ಸಾಯ್‌ನ ಮೇಲ್ಮನವಿ ನ್ಯಾಯಾಲಯ ವೈದ್ಯಕೀಯ ಉಪಕರಣ ಕಂಪನಿ ಜಿಇ ಮೆಡಿಕಲ್ ಸಿಸ್ಟಮ್ಸ್‌ಗೆ 5,80,000 ಯೂರೋ ದಂಡ ಹಾಕಿತು. ನೌಕರರು ಬಳಸುವ ದಾಖಲೆಗಳನ್ನು ಕಂಪನಿ ಇಂಗ್ಲಿಷಿನಲ್ಲೇ ಬಿಟ್ಟಿತ್ತು. ದುಡಿಯುವವರಿಗೆ ತಮ್ಮ ಕೆಲಸದ ಕಾಗದ ಅರ್ಥವಾಗಬೇಕು ಅನ್ನುವುದು ನ್ಯಾಯವೇ. ಬೆಂಗಳೂರಿನ ಬ್ಯಾಂಕಿನಲ್ಲಿ ಕನ್ನಡದ ಅರ್ಜಿ ಕೇಳಿ ಸೋತವರಿಗೆ ಇದರ ಬೆಲೆ ಬೇಗ ತಿಳಿಯುತ್ತದೆ.

ವ್ಯಾಪಾರ ಮಾಡುವವರು ಇನ್ನೂ ಜಾಸ್ತಿ ಎಚ್ಚರ ವಹಿಸಬೇಕು. ಊರಿಂದ ತರಿಸಿದ ಸಾಂಬಾರ್ ಪುಡಿಯ ಪೊಟ್ಟಣದ ಮೇಲೆ ಫ್ರೆಂಚ್ ಚೀಟಿ ಇರಲೇಬೇಕು. ಅದರಲ್ಲಿ ಏನೇನು ಬೆರೆಸಿದೆ, ಅಲರ್ಜಿ ತರುವ ಪದಾರ್ಥ ಯಾವುದು ಅಂತ ಬರೆದಿರಬೇಕು. ಸಾಸಿವೆ ಮತ್ತು ಎಳ್ಳು ಯುರೋಪಿನ 14 ಅಲರ್ಜಿಗಳ ಪಟ್ಟಿಯಲ್ಲಿವೆ, ನಮ್ಮ ಅಡುಗೆಯಲ್ಲಂತೂ ಇವು ಎಲ್ಲೆಲ್ಲೂ ಇವೆ. ನೋಂದಾಯಿತ ಬ್ರ್ಯಾಂಡ್ ಹೆಸರನ್ನು ಬದಲಿಸಬೇಕಿಲ್ಲ. ಎಲ್ಲರಿಗೂ ಗೊತ್ತಿರುವ ವಿದೇಶಿ ತಿನಿಸಿನ ಹೆಸರಿಗೂ ಅನುವಾದ ಬೇಡ. ಆದರೆ ‘ಪಡ್ಡು’ ಅಂದರೆ ಇಲ್ಲಿ ಯಾರಿಗೆ ಗೊತ್ತು? ಮೆನುವಿನಲ್ಲಿ ಹೆಸರಿನ ಪಕ್ಕ ಒಂದು ಸಾಲು ಫ್ರೆಂಚ್ ವಿವರಣೆ ಬರೆಯಿರಿ. ಇಂಗ್ಲಿಷನ್ನೂ ಹಾಕುವುದಾದರೆ, ಫ್ರೆಂಚ್ ಅದರಷ್ಟೇ ಸ್ಪಷ್ಟವಾಗಿ ಓದುವಂತಿರಬೇಕು. ತಪ್ಪಿದರೆ ವ್ಯಕ್ತಿಗೆ 750 ಯೂರೋವರೆಗೆ, ಕಂಪನಿಗೆ 3,750 ಯೂರೋವರೆಗೆ ದಂಡ ಬೀಳಬಹುದು.

2023ರಿಂದ ಉದ್ಯಮ ನೋಂದಣಿಯೆಲ್ಲ ಒಂದೇ ಸರ್ಕಾರಿ ಜಾಲತಾಣದಲ್ಲಿ ನಡೆಯುತ್ತದೆ. ನೋಂದಣಿ ಆದಮೇಲೆ ಸರ್ಕಾರದ್ದೇ ಅನ್ನಿಸುವಂಥ ಕಾಗದಗಳು ಅಂಚೆಯಲ್ಲಿ ಬಂದು ಹಣ ಕೇಳುತ್ತವೆ. ವಿಚಾರಿಸದೆ ಕಟ್ಟಬೇಡಿ.

ಇನ್ನು ಕಾಗದಪತ್ರ. ಜನನ ಪ್ರಮಾಣಪತ್ರಕ್ಕೆ ಊರಲ್ಲಿದ್ದಾಗಲೇ ಅಪೊಸ್ಟೀಲ್ (ವಿದೇಶದಲ್ಲಿ ಒಪ್ಪುವಂತೆ ಸರ್ಕಾರ ಹಾಕುವ ದೃಢೀಕರಣ ಮುದ್ರೆ) ಮಾಡಿಸಿಕೊಂಡು ಬನ್ನಿ. ಅನುವಾದವನ್ನು ನ್ಯಾಯಾಲಯದ ಪಟ್ಟಿಯಲ್ಲಿರುವ ಪ್ರಮಾಣಿತ ಅನುವಾದಕರಿಂದಲೇ ಮಾಡಿಸಿ. ಗೆಳೆಯರ ಮನೆಯಲ್ಲಿ ಇದ್ದರೆ ವಿಳಾಸದ ಪುರಾವೆಗೆ ಅವರ ಸಹಿಯ ಪತ್ರ, ಗುರುತಿನ ಚೀಟಿ, ಇತ್ತೀಚಿನ ಕರೆಂಟ್ ಬಿಲ್ಲು ಮೂರೂ ಬೇಕು.

ವಾಸದ ಪರವಾನಗಿಗೆ ಅರ್ಜಿ ಹಾಕಿದಾಗ ರಸೀದಿಯನ್ನು ಜೋಪಾನ ಮಾಡಿ. ಪೂರ್ತಿ ಅರ್ಜಿ ಕೊಟ್ಟು ಸಾಮಾನ್ಯವಾಗಿ ನಾಲ್ಕು ತಿಂಗಳಾದರೂ ಉತ್ತರ ಬರದಿದ್ದರೆ, ಅದನ್ನು ನಿರಾಕರಣೆ ಅಂತಲೇ ಲೆಕ್ಕ ಹಿಡಿಯುತ್ತಾರೆ. ಬಹಳಷ್ಟು ಜನ ಇನ್ನೂ ಕಾಯುತ್ತಲೇ ಇರುತ್ತಾರೆ, ಅಷ್ಟರಲ್ಲಿ ಕೋರ್ಟಿಗೆ ಹೋಗುವ ಅವಧಿ ಮುಗಿಯುತ್ತಾ ಬರುತ್ತದೆ. ಅರ್ಜಿ ಕೊಟ್ಟ ದಿನವೇ ನಾಲ್ಕು ತಿಂಗಳು ತುಂಬುವ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ.